ವಾಪಸ್ ಬಂದ ಇಬ್ಬರು ಹುಡುಗರು, ಬಾರದೇ ಹೋದ ಒಬ್ಬಳು ಹುಡುಗಿ

ನಮ್ಮೂರು ಸೂಲಿಬೆಲೆ ಅಂದ್ರೆ ಆಫೀಸಿನಲ್ಲಿ ಅರ್ಧ ಜನಕ್ಕೆ ಗೊತ್ತಾಗಲ್ಲ. "ಹೊಸಕೋಟೆಗೂ ದೇವನಹಳ್ಳಿಗೂ ಮಧ್ಯೆ" ಅಂದ್ರೆ "ಓ, ಏರ್‌ಪೋರ್ಟ್ ಹತ್ರ" ಅಂತಾರೆ. ಅಷ್ಟೇ ನಮ್ಮ ವಿಳಾಸ :-) 2008ರಲ್ಲಿ ದೇವನಹಳ್ಳಿಯಲ್ಲಿ ಏರ್‌ಪೋರ್ಟ್ ಶುರುವಾದ ಮೇಲೆ ಈ ಸೀಮೆಗೆ ಹೊಸ ಗುರುತು ಬಂತು. ಮಕ್ಕಳನ್ನು ಪರದೇಶಕ್ಕೆ ಕಳಿಸಿ ಕಣ್ಣೊರೆಸಿಕೊಳ್ಳುವ ಜಾಗ, ಬಂದವರನ್ನು ಹಾರ ಹಿಡಿದು ಕಾಯುವ ಜಾಗ.

ಆದರೆ ಏರ್‌ಪೋರ್ಟಿಗಿಂತ ಇನ್ನೂರು ವರ್ಷಕ್ಕೂ ಮೊದಲೇ ದೇವನಹಳ್ಳಿಯಲ್ಲಿ ಅಂಥದ್ದೊಂದು 'ಅರೈವಲ್' ಆಗಿತ್ತು. 1794ರ ಮಾರ್ಚ್. ಎರಡು ವರ್ಷ ಪರರ ನಾಡಿನಲ್ಲಿ ಇದ್ದು ಬಂದ ಇಬ್ಬರು ಹುಡುಗರು ಅಪ್ಪನನ್ನು ನೋಡಿದ್ದು ಇಲ್ಲೇ. ಅಪ್ಪನ ಹೆಸರು ಟಿಪ್ಪು ಸುಲ್ತಾನ್.

ಟಿಪ್ಪು ಒಳ್ಳೆಯವನೋ ಕೆಟ್ಟವನೋ ಅನ್ನೋ ಚರ್ಚೆಗೆ ನಾನು ಕೈ ಹಾಕಲ್ಲ, ಅದಕ್ಕೆ ಬೇರೆ ಜಾಗಗಳು ಬೇಕಾದಷ್ಟಿವೆ. ನನಗೆ ಬೇಕಾಗಿರೋದು ಆ ಹುಡುಗರು. ಯಾಕೆ ಅಂತ ಆಮೇಲೆ ಹೇಳ್ತೀನಿ.

ಮೂರನೇ ಮೈಸೂರು ಯುದ್ಧ. 1791ರಲ್ಲಿ ಲಾರ್ಡ್ ಕಾರ್ನ್‌ವಾಲಿಸ್ ಮೊಗಿಲಿ ಘಾಟಿ ಹತ್ತಿ, ಕೋಲಾರ, ಹೊಸಕೋಟೆ ಹಿಡಿದು ನಮ್ಮ ತಾಲ್ಲೂಕಿನ ಮೇಲೇ ಬೆಂಗಳೂರಿಗೆ ಹೋದ. ಮಾರ್ಚ್ 21ರಂದು ಬೆಂಗಳೂರು ಕೋಟೆ ಬಿತ್ತು. ಮರುವರ್ಷ ಫೆಬ್ರವರಿಯಲ್ಲಿ ಶ್ರೀರಂಗಪಟ್ಟಣಕ್ಕೇ ಮುತ್ತಿಗೆ. ಟಿಪ್ಪು ಸಂಧಿಗೆ ಬಂದ. ಷರತ್ತುಗಳು ನಮಗೆಲ್ಲ ಶಾಲೆಯಲ್ಲಿ ಬಾಯಿಪಾಠ: ಅರ್ಧ ರಾಜ್ಯ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ, ಇಬ್ಬರು ಗಂಡುಮಕ್ಕಳು ಒತ್ತೆ. ಈ ಮೂರನೆಯದಕ್ಕೆ ಪರೀಕ್ಷೆಯಲ್ಲಿ ಒಂದು ಮಾರ್ಕ್ಸು. ಬರೆದು ಮುಂದಿನ ಪ್ರಶ್ನೆಗೆ ಹೋಗಿಬಿಡ್ತಿದ್ವಿ.

ಮಕ್ಕಳು ಯಾಕೆ ಬೇಕಾಗಿದ್ರು? ದುಡ್ಡಿನಲ್ಲಿ ಅರ್ಧ ಮಾತ್ರ ಕೂಡಲೇ ಕೊಡಬೇಕು. ಉಳಿದರ್ಧ ಮೂರು ಕಂತು. ಸಾಲಕ್ಕೆ ಅಡವು ಬೇಕಲ್ಲ, ನಾವು ಚಿನ್ನ ಇಡ್ತೀವಿ, ಅಲ್ಲಿ ಮಕ್ಕಳನ್ನು ಇಡಿಸಿಕೊಂಡರು. ಅಬ್ದುಲ್ ಖಾಲಿಕ್‌ಗೆ ಸುಮಾರು ಹತ್ತು ವರ್ಷ, ಮುಯಿಜುದ್ದೀನ್‌ಗೆ ಸುಮಾರು ಎಂಟು. ಚಿಕ್ಕವನ ತಾಯಿ ಆಗಷ್ಟೇ, ಮುತ್ತಿಗೆಯ ದಿನಗಳಲ್ಲೇ ತೀರಿಕೊಂಡಿದ್ದಳು.

1792ರ ಫೆಬ್ರವರಿ 26. ಇಬ್ಬರನ್ನೂ ಆನೆಗಳ ಮೇಲೆ ಕೂರಿಸಿ ಕೋಟೆಯಿಂದ ಕಳಿಸಿದರು. ಬಿಳಿ ಮಸ್ಲಿನ್ ಅಂಗಿ, ಕೆಂಪು ಪೇಟ, ಕೊರಳಲ್ಲಿ ಮುತ್ತಿನ ಸರ. ಕೋಟೆಯಿಂದ ತೋಪು ಹಾರಿತು, ಈ ಕಡೆ ಇಂಗ್ಲಿಷರ ಪಾಳೆಯದಿಂದಲೂ ಹಾರಿತು. ಕಾರ್ನ್‌ವಾಲಿಸ್ ಡೇರೆಯ ಬಾಗಿಲಿಗೆ ಬಂದು ಇಬ್ಬರನ್ನೂ ತಬ್ಬಿಕೊಂಡು, ಕೈಹಿಡಿದು ಕರೆದೊಯ್ದು, ತನ್ನ ಆಚೆಗೊಬ್ಬ ಈಚೆಗೊಬ್ಬನನ್ನು ಕೂರಿಸಿಕೊಂಡ. ಜೊತೆಗೆ ಬಂದಿದ್ದ ಟಿಪ್ಪುವಿನ ವಕೀಲ ಗುಲಾಮ್ ಅಲಿ ಖಾನ್ ಆಗ ಒಂದು ಮಾತು ಹೇಳಿದ: ಇವತ್ತು ಬೆಳಗಿನವರೆಗೆ ಇವರು ನಮ್ಮ ಸುಲ್ತಾನರ ಮಕ್ಕಳು, ಇನ್ನು ಮೇಲೆ ಇವರು ತಮ್ಮನ್ನೇ ತಂದೆ ಅಂತ ನೋಡಬೇಕು, ಅನ್ನೋ ಅರ್ಥದಲ್ಲಿ. ಕಾರ್ನ್‌ವಾಲಿಸ್ ಇಬ್ಬರಿಗೂ ಒಂದೊಂದು ಚಿನ್ನದ ಗಡಿಯಾರ ಕೊಟ್ಟ.

ಈ ದೃಶ್ಯ ಇಂಗ್ಲೆಂಡಿನಲ್ಲಿ ಎಷ್ಟು ಜನಪ್ರಿಯ ಆಯಿತು ಅಂದ್ರೆ, ರಾಬರ್ಟ್ ಹೋಮ್, ಮೇದರ್ ಬ್ರೌನ್, ಹೆನ್ರಿ ಸಿಂಗಲ್‌ಟನ್ ಎಲ್ಲ ಇದರ ಚಿತ್ರ ಬರೆದರು. ಹೋಮ್ ಸೇನೆಯ ಜೊತೆಗೇ ಬಂದಿದ್ದವನು. ಚಿತ್ರಗಳಲ್ಲಿ ಕಾರ್ನ್‌ವಾಲಿಸ್ ಕರುಣಾಮಯಿ ತಂದೆಯ ಹಾಗೆ ಕಾಣ್ತಾನೆ. ಆದರೆ ಅದಾದ ಕೆಲವೇ ವಾರಗಳಲ್ಲಿ ಆದದ್ದು ಆ ಚಿತ್ರಗಳಲ್ಲಿಲ್ಲ. ಕೊಡಗನ್ನೂ ಬಿಟ್ಟುಕೊಡಬೇಕು ಅಂತ ಇಂಗ್ಲಿಷರು ಪಟ್ಟು ಹಿಡಿದರು, ಟಿಪ್ಪು ಒಪ್ಪಲಿಲ್ಲ. ಕೂಡಲೇ ಹುಡುಗರ ಮೈಸೂರಿನ ಕಾವಲಿನವರ ಆಯುಧ ಕಿತ್ತುಕೊಂಡು, ಹುಡುಗರನ್ನು ಬೆಂಗಳೂರಿನ ಕಡೆಗೆ ಹೊರಡಿಸಿಬಿಟ್ಟರು! ಟಿಪ್ಪು ಮಣಿದ. ಮಾರ್ಚ್ 18ಕ್ಕೆ ಸಂಧಿ ಪೂರ್ತಿಯಾಯಿತು. ಆ ಕಾಗದವನ್ನು ಕಾರ್ನ್‌ವಾಲಿಸ್ ಕೈಗಿಟ್ಟದ್ದು ದೊಡ್ಡ ಹುಡುಗ. ಹತ್ತು ವರ್ಷದವನ ಕೈಯಲ್ಲಿ ಅಪ್ಪನ ಅರ್ಧ ರಾಜ್ಯ.

(ಕೊಡಗು ಅನ್ನೋದನ್ನ ನೆನಪಿಟ್ಟುಕೊಂಡಿರಿ. ಅದು ಮತ್ತೆ ಬರುತ್ತೆ.)

ಆಮೇಲೆ ಮದರಾಸು. ಇವತ್ತಿಗೆ ನಮಗದು ಶತಾಬ್ದಿ ರೈಲಿನಲ್ಲಿ ಐದು ಗಂಟೆ ದೂರ, ಆಗ ಆ ಮಕ್ಕಳಿಗೆ ಅದು ಪರದೇಶವೇ. ಬೇರೆ ಸರ್ಕಾರ, ಬೇರೆ ಮಾತು, ಮೊನ್ನೆವರೆಗೆ ಶತ್ರುವಾಗಿದ್ದವರ ಕೋಟೆ. ಕ್ಯಾಪ್ಟನ್ ಡವ್‌ಟನ್ ಅನ್ನೋ ಅಧಿಕಾರಿಯ ಉಸ್ತುವಾರಿ. ಕಂತು ತೀರಲು ಲೆಕ್ಕದ ಪ್ರಕಾರ ಒಂದು ವರ್ಷ ಸಾಕಿತ್ತು, ಆದದ್ದು ಎರಡು. ಆದರೆ ಗಮನಿಸಿ, ಅವರ ಜೊತೆ ಅವರದೇ ವಕೀಲರಿದ್ದರು, ಅವರದೇ ಮನೆಯಾಳುಗಳಿದ್ದರು. ಯಾವತ್ತಾದರೂ ಹಿಂತಿರುಗುವುದು ಕಾಗದದಲ್ಲೇ ಬರೆದಿತ್ತು.

ಹಿಂತಿರುಗಿದರು ಕೂಡ. 1794ರಲ್ಲಿ ಅದೇ ಡವ್‌ಟನ್ ಅವರನ್ನು ದೇವನಹಳ್ಳಿಗೆ ಕರೆತಂದ. ಮಾರ್ಕ್ ವಿಲ್ಕ್ಸ್ ತನ್ನ ಮೈಸೂರು ಚರಿತ್ರೆಯಲ್ಲಿ ಆ ಭೇಟಿಯನ್ನು ಬರೆದಿದ್ದಾನೆ. ಹುಡುಗರು ಮಾತಿಲ್ಲದೆ ಹತ್ತಿರ ಹೋಗಿ ಅಪ್ಪನ ಕಾಲಿಗೆ ತಲೆಯಿಟ್ಟರಂತೆ. ಟಿಪ್ಪು ಮಾತಿಲ್ಲದೆ ಅವರ ಕತ್ತು ಮುಟ್ಟಿದ, ಎದ್ದ ಮೇಲೆ ಕೂರುವ ಜಾಗ ತೋರಿಸಿದ. ಮುಗಿಯಿತು. ಆಮೇಲೆ ಡವ್‌ಟನ್ ಜೊತೆ ಫ್ರಾನ್ಸಿನ ಕ್ರಾಂತಿಯ ವಿಷಯ ಮಾತಾಡಿದ.

ವಿಲ್ಕ್ಸ್‌ಗೆ ಇದು ಕಲ್ಲು ಹೃದಯ ಅನ್ನಿಸಿರಬಹುದು. ನನಗೆ ಹಾಗನ್ನಿಸಲಿಲ್ಲ. ನಮ್ಮ ಕಡೆ ಅಪ್ಪಂದಿರನ್ನು ನೋಡಿದ್ದೀರಲ್ಲ? ಹಾಸ್ಟೆಲ್‌ನಿಂದ ಮಗ ಆರು ತಿಂಗಳ ಮೇಲೆ ಬಂದರೆ "ಊಟ ಆಯ್ತಾ" ಅಂತ ಕೇಳಿ, ಪಕ್ಕದ ಮನೆಯವರ ಹತ್ರ ಮಳೆ ಬಗ್ಗೆ ಮಾತಾಡ್ತಾರೆ. ಗೆದ್ದವನ ಅಧಿಕಾರಿ ಎದುರಿಗೆ ಕೂತಿರುವಾಗ ಸೋತ ದೊರೆ ಮಕ್ಕಳನ್ನು ತಬ್ಬಿ ಅಳಬೇಕಿತ್ತಾ?

ಈಗ ಕೊಡಗಿಗೆ ಬರ್ತೀನಿ. ಆ ಹುಡುಗರನ್ನು ದಾರಿಗೆ ಹೊರಡಿಸಿ ಕಿತ್ತುಕೊಂಡ ಕೊಡಗು ಕಂಪನಿಯ ನೆರಳಿಗೆ ಬಂತು. 1834ರಲ್ಲಿ ಕಂಪನಿ ಅದನ್ನು ಪೂರ್ತಿ ನುಂಗಿತು. ಕೊನೆಯ ರಾಜ ಚಿಕ್ಕವೀರರಾಜೇಂದ್ರ. ಮಾಸ್ತಿಯವರ ಕಾದಂಬರಿಯಿಂದ ನಮಗೆಲ್ಲ ಗೊತ್ತಿರುವವನು. ಅವನನ್ನು ಕಾಶಿಯಲ್ಲಿ ಇರಿಸಿದರು. ಅಲ್ಲಿ 1841ರಲ್ಲಿ ಹುಟ್ಟಿದ ಮಗಳು ಗೌರಮ್ಮ.

1852ರಲ್ಲಿ ರಾಜ ಗೌರಮ್ಮನನ್ನು ಕರೆದುಕೊಂಡು ಇಂಗ್ಲೆಂಡಿಗೆ ಹಡಗು ಹತ್ತಿದ. ಕಂಪನಿಯ ಬಾಂಡುಗಳಲ್ಲಿದ್ದ ಹಣಕ್ಕಾಗಿ ದಾವೆ ಹೂಡೋದು ಒಂದು ಉದ್ದೇಶ. ಮಗಳನ್ನು ಅಲ್ಲೇ ಓದಿಸಿ ಬೆಳೆಸೋದು ಇನ್ನೊಂದು. ಅದೇ ವರ್ಷ ಅವಳಿಗೆ ಕ್ರೈಸ್ತ ದೀಕ್ಷೆಯಾಯಿತು. ವಿಕ್ಟೋರಿಯಾ ರಾಣಿಯೇ ಧರ್ಮತಾಯಿ, ರಾಣಿಯ ಹೆಸರೇ ಅವಳಿಗೆ: ವಿಕ್ಟೋರಿಯಾ ಗೌರಮ್ಮ. ಹನ್ನೊಂದು ವರ್ಷದ ಹುಡುಗಿಯನ್ನು ಡ್ರಮಂಡ್ ಎಂಬ ಸೇನಾಧಿಕಾರಿಯ ಮನೆಯಲ್ಲಿ ಬಿಟ್ಟರು. ಇಂಗ್ಲಿಷ್ ಹೆಣ್ಣುಮಕ್ಕಳ ಪಾಠ, ಇಂಗ್ಲಿಷ್ ಉಡುಗೆ, ಇಂಗ್ಲಿಷ್ ಶಿಸ್ತು. ವಿಂಟರ್‌ಹಾಲ್ಟರ್ ಅವಳ ಚಿತ್ರ ಬರೆದ, ಮರೋಚೆಟ್ಟಿ ಅಮೃತಶಿಲೆಯಲ್ಲಿ ಅವಳ ಮೂರ್ತಿ ಕೆತ್ತಿದ. ಅಪ್ಪ ಅದೇ ದೇಶದಲ್ಲಿದ್ದ, ಮಗಳು ಬೇರೆಯವರ ಮನೆಯಲ್ಲಿ ಬೆಳೆದಳು.

1858ರ ಹೊತ್ತಿಗೆ ಇನ್ನೊಂದು ಮನೆ, ಸರ್ ಜಾನ್ ಲಾಗಿನ್ ದಂಪತಿಯದು. ಪಂಜಾಬಿನ ದುಲೀಪ್ ಸಿಂಗ್‌ನನ್ನು ಬೆಳೆಸಿದ್ದೂ ಇವರೇ. ಅವನನ್ನೂ ಹದಿನೈದನೇ ವಯಸ್ಸಿಗೆ, 1854ರಲ್ಲಿ, ಇಂಗ್ಲೆಂಡಿಗೆ ತಂದಿದ್ದರು. ಇವರಿಬ್ಬರಿಗೆ ಮದುವೆ ಮಾಡಿದರೆ ಚೆನ್ನ ಅಂತ ರಾಣಿಗೆ ಆಸೆ. ದುಲೀಪ್ ಒಪ್ಪಲಿಲ್ಲ. 1859ರಲ್ಲಿ ರಾಜ ಲಂಡನ್ನಿನಲ್ಲೇ ತೀರಿಕೊಂಡ, ದಾವೆ ಗೆಲ್ಲದೆ. 1860ರಲ್ಲಿ ಗೌರಮ್ಮನಿಗೆ ಲೇಡಿ ಲಾಗಿನ್‌ರ ಸಹೋದರ ಕರ್ನಲ್ ಜಾನ್ ಕ್ಯಾಂಪ್‌ಬೆಲ್ ಜೊತೆ ಮದುವೆಯಾಯಿತು, ಅವಳಿಗಿಂತ ಸುಮಾರು ಮೂವತ್ತು ವರ್ಷ ದೊಡ್ಡವನು. 1861ರಲ್ಲಿ ಒಂದು ಹೆಣ್ಣು ಮಗು. 1864ರಲ್ಲಿ ಕ್ಷಯದಿಂದ ಸತ್ತಳು. ಇನ್ನೂ ಇಪ್ಪತ್ತೆರಡು ವರ್ಷ.

ಅಪ್ಪನ ಸಮಾಧಿ ಕೆನ್ಸಲ್ ಗ್ರೀನ್‌ನಲ್ಲಿ, ಮಗಳದು ಬ್ರಾಂಪ್ಟನ್‌ನಲ್ಲಿ. ಒಂದೇ ಊರಿನಲ್ಲಿ ಎರಡು ಸ್ಮಶಾನ. ಕೊಡಗನ್ನು ಅವಳು ಕಣ್ಣಲ್ಲಿ ನೋಡಲೇ ಇಲ್ಲ.

ಇವೆರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಹುಡುಗರು ಹೋದದ್ದು ಶತ್ರುವಿನ ಮನೆಗೆ, ಬಲವಂತಕ್ಕೆ, ಅಡವಿನ ಒಡವೆಯ ಹಾಗೆ. ಗೌರಮ್ಮ ಹೋದದ್ದು ಅಪ್ಪನ ಇಷ್ಟದಿಂದ, ರಾಣಿಯ ಪ್ರೀತಿಯ ನೆರಳಿಗೆ, ವಿದ್ಯಾಭ್ಯಾಸಕ್ಕೆ. ಯಾರಿಗೆ ಒಳ್ಳೇದಾಗಬೇಕಿತ್ತು ಅಂತ ಕೇಳಿದರೆ ಎಲ್ಲರೂ ಗೌರಮ್ಮನಿಗೆ ಅಂತೀವಿ. ಆದರೆ ಹುಡುಗರು ಎರಡು ವರ್ಷದ ಮೇಲೂ ತಮ್ಮವರಾಗಿಯೇ ಬಂದರು, ಗೌರಮ್ಮ ಪೂರ್ತಿ ಕಳೆದುಹೋದಳು. ವ್ಯತ್ಯಾಸ ಇರೋದು ಮನೆಯವರ ಒಳ್ಳೆಯತನದಲ್ಲಿ ಅಲ್ಲ. ಹುಡುಗರಿಗೆ ವಾಪಸ್ಸಾಗುವ ಗಡುವು ಇತ್ತು, ಜೊತೆಗೆ ತಮ್ಮ ಮಾತಾಡುವ ಜನ ಇದ್ದರು. 'ಇನ್ನು ನೀವೇ ತಂದೆ' ಅನ್ನೋದು ಅಲ್ಲಿ ದರ್ಬಾರಿನ ಉಪಚಾರ. ಗೌರಮ್ಮನ ವಿಷಯದಲ್ಲಿ ಮಾತ್ರ ಆ ಮಾತನ್ನು ಎಲ್ಲರೂ ನಿಜ ಮಾಡಿಬಿಟ್ಟರು.

(ಹುಡುಗರ ಕಥೆ ಅಲ್ಲಿಗೇ ಸುಖಾಂತ್ಯ ಅಂತಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಅರಮನೆಯೊಳಗೆ ಹೋದ ಮೇಜರ್ ಅಲನ್‌ಗೆ ಅಲ್ಲಿ ಕೂತಿದ್ದ ಮುಯಿಜುದ್ದೀನ್‌ನ ಗುರುತು ಸಿಕ್ಕಿತು, 1792ರಲ್ಲಿ ಒಪ್ಪಿಸುವಾಗ ಅವನು ನೋಡಿದ್ದ. ಅಲ್ಲಿಂದ ವೆಲ್ಲೂರು ಕೋಟೆ, 1806ರ ಸಿಪಾಯಿ ದಂಗೆಯ ನಂತರ ಟಿಪ್ಪುವಿನ ಕುಟುಂಬ ಕಲ್ಕತ್ತೆಗೆ. ಈ ಸಲ ಕಂತೂ ಇಲ್ಲ, ಗಡುವೂ ಇಲ್ಲ.)

ಇದೆಲ್ಲ ಈಗ ಯಾಕೆ ತಲೆಗೆ ಹತ್ತಿತು ಅಂದ್ರೆ, ನಮ್ಮ ದೊಡ್ಡಪ್ಪನ ಮೊಮ್ಮಗಳು, ಹದಿನೈದು ವರ್ಷ, ಒಂದು ವರ್ಷಕ್ಕೆ ಜರ್ಮನಿಗೆ ಎಕ್ಸ್‌ಚೇಂಜ್ ವಿದ್ಯಾರ್ಥಿಯಾಗಿ ಹೋಗ್ತೀನಿ ಅಂತ ಕೂತಿದ್ದಾಳೆ. ಅಲ್ಲಿನ ಶಾಲೆ, ಅಲ್ಲಿನ ಒಂದು ಕುಟುಂಬದ ಮನೆಯಲ್ಲಿ ವಾಸ. ನಮ್ಮಜ್ಜಿದು ಒಂದೇ ರಾಗ: "ಅಲ್ಲ ಕಣ್ರಪ್ಪ, ಹೆಣ್ಮಗೂನ ಕಂಡೋರ್ ಮನೇಲಿ ಒಂದ್ ವರ್ಸ ಬಿಡ್ತೀರಾ?" ಅಕ್ಕ ನನ್ನನ್ನು ಕೇಳಿದಳು, ಮನೆಯಲ್ಲಿ ಇಂಟರ್ನೆಟ್ ಓದುವವನು ನಾನೇ ಅಂತ.

ಓದಿದೆ. ಇಂಥ ಯೋಜನೆಗಳಲ್ಲಿ ಹಳೆಯದೊಂದರ ಹೆಸರು ಎ.ಎಫ್.ಎಸ್. ಅದನ್ನು ಶುರು ಮಾಡಿದವರು ಯಾರು ಗೊತ್ತಾ? ಎರಡು ಮಹಾಯುದ್ಧಗಳಲ್ಲಿ ಗಾಯಾಳುಗಳನ್ನು ಹೊತ್ತ ಅಮೆರಿಕದ ಆಂಬುಲೆನ್ಸ್ ಡ್ರೈವರ್‌ಗಳು! ಯುದ್ಧ ಮುಗಿದ ಮೇಲೆ, ಒಂದು ದೇಶದ ಮಕ್ಕಳು ಇನ್ನೊಂದು ದೇಶದ ಮನೆಯಲ್ಲಿ ಉಂಡು ಮಲಗಿ ಬೆಳೆದರೆ ಮುಂದೆ ಬಂದೂಕು ಎತ್ತೋದು ಕಷ್ಟ ಆಗುತ್ತೆ ಅಂತ ಅವರ ಲೆಕ್ಕ. 1947ರಿಂದ ಶಾಲಾ ಮಕ್ಕಳನ್ನು ಕರೆಸತೊಡಗಿದರು. ಶ್ರೀರಂಗಪಟ್ಟಣದಲ್ಲಿ ಯುದ್ಧ ಮುಗಿಸೋಕೆ ಮಕ್ಕಳನ್ನು ಕೊಟ್ಟರು, ಇಲ್ಲಿ ಯುದ್ಧ ಶುರುವಾಗದ ಹಾಗೆ ಮಕ್ಕಳನ್ನು ಕಳಿಸುತ್ತಾರೆ. ಉಪಾಯ ಒಂದೇ, ಉದ್ದೇಶ ತಿರುಗಾಮುರುಗಾ. ಮನೆಯವರು ಅಮ್ಮ-ಅಪ್ಪನ ಹಾಗೆ ನೋಡಿಕೊಳ್ಳಬೇಕು, ಆದರೆ ವರ್ಷ ತುಂಬಿದ ಮೇಲೆ ಮಗು ವಾಪಸ್.

ಬೇರೆ ಮನೆಯಲ್ಲಿ ಇರೋದು ಸುಲಭ ಅಂತ ನಾನು ಹೇಳಲ್ಲ. ಇಂಜಿನಿಯರಿಂಗ್‌ಗೆ ಬೆಂಗಳೂರಿಗೆ ಬಂದಾಗ ನಾನು ಸೋದರಮಾವನ ಮನೆಯಲ್ಲಿದ್ದೆ. ಸ್ವಂತ ಮಾವ, ನಮ್ಮದೇ ಮುದ್ದೆ-ಸಾರು. ಆದರೂ ಆರು ತಿಂಗಳು ಕೇಳದೆ ಫ್ರಿಜ್ ಬಾಗಿಲು ತೆಗೆಯಲಿಲ್ಲ ನಾನು. ಯಾವ ಲೋಟ ಯಾರದ್ದು, ಯಾವ ಕುರ್ಚಿ ಯಾರದ್ದು ಅನ್ನೋದೇ ಒಂದು ಸಿಲಬಸ್ಸು. ಶನಿವಾರ ಸೂಲಿಬೆಲೆ ಬಸ್ಸು ಇದೆ ಅನ್ನೋ ಧೈರ್ಯದಲ್ಲೇ ವಾರ ಕಳೀತಿತ್ತು.

ಹಾಗಾಗಿ ಅಕ್ಕನಿಗೆ ಹೇಳಿದ್ದು ಇಷ್ಟು. ಮನೆಯವರು ಒಳ್ಳೆಯವರಾ ಅಂತ ಮಾತ್ರ ಕೇಳಬೇಡ, ಡ್ರಮಂಡ್, ಲಾಗಿನ್ ಎಲ್ಲ ಅವರ ಲೆಕ್ಕದಲ್ಲಿ ಒಳ್ಳೆಯವರೇ. ವಾಪಸ್ ಬರೋ ತಾರೀಖು ಬರವಣಿಗೆಯಲ್ಲಿದೆಯಾ? ಆ ಮನೆ ಹೊಂದದಿದ್ದರೆ ಅಲ್ಲೇ ಹೇಳಿಕೊಳ್ಳೋಕೆ ಹೊರಗಿನವರೊಬ್ಬರು ಇದ್ದಾರಾ? ವಾರಕ್ಕೊಂದು ಸಲ ಕನ್ನಡದಲ್ಲಿ ಅತ್ತು, ನಕ್ಕು, ಜಗಳ ಆಡೋಕೆ ಆಗುತ್ತಾ? ಮೂರಕ್ಕೂ ಹೌದು ಅಂದ್ರೆ ಕಳಿಸು.

ಅಕ್ಕ ಇನ್ನೂ ಫಾರಂ ತುಂಬಿಲ್ಲ. ಅಜ್ಜಿ ಮಾತ್ರ ಈಗ ಸ್ವಲ್ಪ ಮೆತ್ತಗಾಗಿ, ಅಲ್ಲಿಗೆ ರಾಗಿಹಿಟ್ಟು ತಗೊಂಡೋಗಕ್ಕೆ ಬಿಡ್ತಾರಾ ಅಂತ ವಿಚಾರಿಸ್ತಿದ್ದಾರೆ. ನಿಮ್ಮಲ್ಲಿ ಯಾರಾದರೂ ಆ ವಯಸ್ಸಿನಲ್ಲಿ ಪರದೇಶದ ಮನೆಯಲ್ಲಿ ಇದ್ದು ಬಂದಿದ್ದರೆ ದಯವಿಟ್ಟು ಬರೆದು ತಿಳಿಸಿ. ನಾನು ಇತಿಹಾಸದಿಂದ ಮೂರು ಮಕ್ಕಳ ಸಾಕ್ಷಿ ಕೊಟ್ಟೆ, ಬದುಕಿರುವವರ ಸಾಕ್ಷಿ ಅಕ್ಕನಿಗೆ ಬೇಕಂತೆ.