ಚೀಟಿ, ಬಾಟಲಿ, ಕಾರ್ಡು: ಐರ್ಲೆಂಡಿನ ಹಳ್ಳಿಗಳಲ್ಲಿ ಔಷಧ ಸೇವನೆ

ವೈದ್ಯರು ಹೇಳಿದ ಔಷಧವನ್ನು ಹೇಳಿದಷ್ಟು ದಿನ ತಪ್ಪದೆ ಸೇವಿಸುವುದು ರೋಗಿಯ ಶಿಸ್ತಿಗೆ ಸೇರಿದ ಮಾತೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಐರ್ಲೆಂಡಿನ ಗ್ರಾಮೀಣ ವೈದ್ಯಸೇವೆಯ ಚರಿತ್ರೆಯನ್ನು ಗಮನಿಸಿದರೆ, ಔಷಧವು ಯಾರ ಕೈಯಿಂದ, ಎಷ್ಟು ದೂರದಲ್ಲಿ, ಎಂಥ ಮರ್ಯಾದೆಯೊಡನೆ ದೊರೆಯುತ್ತಿತ್ತೆಂಬುದಕ್ಕೂ ಅಷ್ಟೇ ತೂಕ ಕೊಡಬೇಕಾಗುತ್ತದೆ.

1845ರಲ್ಲಿ ಆಲೂಗಡ್ಡೆ ಬೆಳೆಗೆ ತಗುಲಿದ ರೋಗದಿಂದ ಆರಂಭವಾದ ಮಹಾಕ್ಷಾಮವೂ ಅದರ ಬೆನ್ನಿಗೇ ಹಬ್ಬಿದ ಜ್ವರಗಳೂ ಚಂದಾಹಣದಿಂದ ನಡೆಯುತ್ತಿದ್ದ ಹಳೆಯ ಡಿಸ್ಪೆನ್ಸರಿಗಳ ಕೊರತೆಯನ್ನು ಬಯಲು ಮಾಡಿದ ಮೇಲೆ, 1851ರ ವೈದ್ಯಕೀಯ ಧರ್ಮಸಂಸ್ಥೆಗಳ ಕಾಯಿದೆಯು ದೇಶವನ್ನು 700ಕ್ಕೂ ಹೆಚ್ಚು ಡಿಸ್ಪೆನ್ಸರಿ ವಲಯಗಳಾಗಿ ವಿಂಗಡಿಸಿ, ಸ್ಥಳೀಯ ತೆರಿಗೆಯಿಂದ ಸಂಬಳ ಪಡೆಯುವ ವೈದ್ಯರನ್ನು ನೇಮಿಸಿತು. ಡಿಸ್ಪೆನ್ಸರಿ ಎಂದರೆ ಬಡವರನ್ನು ಪರೀಕ್ಷಿಸಿ ಅಲ್ಲಿಯೇ ಔಷಧವನ್ನೂ ಕೊಡುವ ಸ್ಥಳ. ಅಲ್ಲಿಗೆ ಹೋಗಲು ಕಪ್ಪು ಚೀಟಿ ಬೇಕಿತ್ತು. ವೈದ್ಯರು ಮನೆಗೆ ಬರಬೇಕಾದರೆ ಕೆಂಪು ಚೀಟಿ. ಇವನ್ನು ಕೊಡುವ ಅಧಿಕಾರ ವೈದ್ಯರದಾಗಿರದೆ ಊರಿನ ಪ್ರತಿನಿಧಿಗಳ ಮತ್ತು ಬಡವರ ಪರಿಹಾರದ ಅಧಿಕಾರಿಗಳ ಕೈಯಲ್ಲಿದ್ದುದರಿಂದ, ಕಾಯಿಲೆಯವರು ಮೊದಲು ತಮ್ಮ ಬಡತನವನ್ನು ನೆರೆಯವರೆದುರು ಒಪ್ಪಿಕೊಳ್ಳಬೇಕಾಗುತ್ತಿತ್ತು.

ಡಿಸ್ಪೆನ್ಸರಿಯು ವಾರದ ಗೊತ್ತಾದ ದಿನಗಳಲ್ಲಿ ಮಾತ್ರ ತೆರೆಯುತ್ತಿತ್ತು. ಹಳ್ಳಿಗಾಡಿನಲ್ಲಿ ವೈದ್ಯರೇ ಕಾಂಪೌಂಡರ್ ಕೂಡ ಆಗಿ ಮಿಕ್ಸ್ಚರನ್ನು ಬೆರೆಸುತ್ತಿದ್ದರು. ರೋಗಿಗಳು ಮನೆಯಿಂದ ತಂದ ಬಾಟಲಿಗೆ ಅದನ್ನು ತುಂಬಿಸಿಕೊಂಡು ಹೋಗುತ್ತಿದ್ದರು. ರೋಗವನ್ನು ಬಲ್ಲವರೇ ಔಷಧವನ್ನೂ ಕೊಡುವುದು ಈ ಏರ್ಪಾಟಿನ ದೊಡ್ಡ ಗುಣವಾಗಿತ್ತು, ಮತ್ತು ಅದನ್ನು ಕಡೆಗಣಿಸುವುದು ನ್ಯಾಯವಲ್ಲ. ಆದರೆ ಬಾಟಲಿ ಬರಿದಾದಾಗಲೆಲ್ಲ ಮತ್ತೆ ನಡೆದು ಬರಬೇಕಾಗಿದ್ದುದರಿಂದ, ಕೊಯ್ಲಿನ ಕಾಲದಲ್ಲೋ ಮಳೆಗಾಳಿಯ ದಿನಗಳಲ್ಲೋ ಚಿಕಿತ್ಸೆ ನಿಂತುಹೋದರೆ ಅದನ್ನು ರೋಗಿಯ ಅಸಡ್ಡೆಯೆಂದು ಕರೆಯುವುದು ಕಠಿಣವಾದ ಮಾತಾಗುತ್ತದೆ.

1953ರ ಆರೋಗ್ಯ ಕಾಯಿದೆಯ ಬಳಿಕ ಚೀಟಿಯ ಜಾಗಕ್ಕೆ ವೈದ್ಯಕೀಯ ಕಾರ್ಡು ಬಂದಿತು. 1970ರ ಕಾಯಿದೆಯ ಅನುಸಾರ 1972ರಲ್ಲಿ ಡಿಸ್ಪೆನ್ಸರಿ ಪದ್ಧತಿಯೇ ಕೊನೆಗೊಂಡು, ಕಾರ್ಡುದಾರರು ತಮಗೆ ಬೇಕಾದ ವೈದ್ಯರನ್ನು ಆರಿಸಿಕೊಳ್ಳುವ, ಹಣ ಕೊಡುವ ರೋಗಿಗಳ ಜೊತೆಗೇ ಕುಳಿತುಕೊಳ್ಳುವ ಮತ್ತು ಊರಿನ ಔಷಧದ ಅಂಗಡಿಯಿಂದ ಔಷಧ ಪಡೆಯುವ ಹಕ್ಕನ್ನು ಗಳಿಸಿದರು. ಅಂಗಡಿ ದೂರವಿದ್ದ ಕಡೆ, ಅಂದರೆ ವೈದ್ಯರ ಚಿಕಿತ್ಸಾಲಯದಿಂದ ಮೂರು ಮೈಲಿಯೊಳಗೆ ಫಾರ್ಮಸಿ ಇಲ್ಲದ ಕಡೆ, ವೈದ್ಯರೇ ಔಷಧ ಕೊಡುವ ಹಳೆಯ ರೂಢಿ ಉಳಿದುಕೊಂಡಿತು.

ನಿಯತ ಸೇವನೆಗೆ ಐರ್ಲೆಂಡ್ ನೀಡಿದ ಇನ್ನೊಂದು ಕೊಡುಗೆಯು ಕರ್ನಾಟಕದ ಹಳ್ಳಿಗಳನ್ನೂ ಮುಟ್ಟಿತು. ಡಬ್ಲಿನ್‌ನ ಟ್ರಿನಿಟಿ ಕಾಲೇಜಿನಲ್ಲಿ ವಿನ್ಸೆಂಟ್ ಬ್ಯಾರಿ ಮತ್ತು ಸಂಗಡಿಗರು 1950ರ ದಶಕದಲ್ಲಿ ಕ್ಷಯಕ್ಕೆ ಮದ್ದು ಹುಡುಕುತ್ತ ಸಿದ್ಧಪಡಿಸಿದ ಕ್ಲೊಫಾಜಿಮಿನ್ ಕುಷ್ಠರೋಗದಲ್ಲಿ ಫಲ ಕೊಟ್ಟಿತು. ಕುಷ್ಠದ ಹಳೆಯ ಮದ್ದಾದ ಡ್ಯಾಪ್ಸೋನ್ ಒಂದನ್ನೇ ವರ್ಷಗಟ್ಟಲೆ ನುಂಗಿದಾಗ ರೋಗಾಣು ಅದಕ್ಕೆ ಬಗ್ಗದಂತಾಗುತ್ತಿದ್ದುದರಿಂದ, ವಿಶ್ವ ಆರೋಗ್ಯ ಸಂಸ್ಥೆಯು 1981ರಲ್ಲಿ ಇವೆರಡರ ಜೊತೆ ರಿಫಾಂಪಿಸಿನ್ ಸೇರಿಸಿದ ಬಹುಔಷಧ ಚಿಕಿತ್ಸೆಯನ್ನು ಶಿಫಾರಸು ಮಾಡಿತು. ಅದರ 28 ದಿನಗಳ ಪಟ್ಟಿಯಲ್ಲಿ ಮೊದಲ ದಿನದ ಮಾತ್ರೆಗಳನ್ನು ಆರೋಗ್ಯ ಕಾರ್ಯಕರ್ತರ ಎದುರೇ ನುಂಗಬೇಕು. ಉಳಿದ 27 ದಿನಗಳವು ಸಾಲುಸಾಲಾಗಿ ಪ್ರತ್ಯೇಕ ಗುಳಿಗಳಲ್ಲಿರುವುದರಿಂದ, ಓದುಬರಹ ಬಾರದವರಿಗೂ ತಪ್ಪಿದ ದಿನ ಕಣ್ಣಿಗೆ ಕಾಣುತ್ತದೆ.

ರಕ್ತದೊತ್ತಡ, ಸಕ್ಕರೆ ಕಾಯಿಲೆಯಂಥ ಜೀವನಪರ್ಯಂತದ ರೋಗಗಳು ಹೆಚ್ಚಿದಂತೆ ಐರ್ಲೆಂಡಿನ ಫಾರ್ಮಸಿಸ್ಟರ ಹೊಣೆಯೂ ಬೆಳೆಯಿತು. 2007ರ ಫಾರ್ಮಸಿ ಕಾಯಿದೆಯಡಿ 2008ರಲ್ಲಿ ಹೊರಟ ನಿಯಮಗಳು, ಔಷಧ ಕೊಡುವ ಮುನ್ನ ಅದು ರೋಗಿಗೆ ತಕ್ಕುದೇ ಎಂದು ಪರಿಶೀಲಿಸುವುದನ್ನೂ ಸೇವನೆಯ ಕ್ರಮದ ಬಗ್ಗೆ ತಿಳಿವಳಿಕೆ ನೀಡಲು ಮುಂದಾಗುವುದನ್ನೂ ಕಡ್ಡಾಯಗೊಳಿಸಿದವು. ತಿಂಗಳ ಔಷಧವನ್ನು ಒಮ್ಮೆಗೇ ನಿಭಾಯಿಸಲಾರದ ಕಾರ್ಡುದಾರರಿಗೆ ಕಂತುಕಂತಾಗಿ ಕೊಡುವ ಏರ್ಪಾಟೂ ಇದೆ. ಇದಕ್ಕೆ ವಿರುದ್ಧ ದಿಕ್ಕಿನಲ್ಲಿ, 2010ರ ಅಕ್ಟೋಬರಿನಿಂದ ಕಾರ್ಡುದಾರರು ಪ್ರತಿ ಔಷಧಕ್ಕೆ 50 ಸೆಂಟ್ ತೆರಬೇಕಾಯಿತು. 2013ರ ಕೊನೆಗೆ ಅದು ಎರಡೂವರೆ ಯೂರೋಗೆ ಏರಿತು, ಬಳಿಕ ಇಳಿಯಿತು. ಹಲವು ಔಷಧಗಳನ್ನು ನಿತ್ಯ ಸೇವಿಸುವ ಬಡ ವೃದ್ಧರ ಮೇಲೆಯೇ ಹೊರೆ ಹೇರಿದ ಈ ಕ್ರಮವು ದುರದೃಷ್ಟಕರ. 2024ರಲ್ಲಿ ಔಷಧ ಚೀಟಿಯ ಗರಿಷ್ಠ ಅವಧಿಯು ಆರು ತಿಂಗಳಿನಿಂದ ಹನ್ನೆರಡಕ್ಕೆ ಏರಿದ್ದರಿಂದ, ಸ್ಥಿತಿ ಸ್ಥಿರವಾಗಿರುವ ರೋಗಿಗಳು ಚೀಟಿಯ ನವೀಕರಣಕ್ಕೆಂದೇ ವೈದ್ಯರಲ್ಲಿಗೆ ಹೋಗುವ ಪ್ರಯಾಣ ತಪ್ಪುವಂತಾಯಿತು.