ದ್ರೌಪದಿಯ ಪ್ರಶ್ನೆಗೆ ನಮ್ಮ ಜಿಲ್ಲೆಯಲ್ಲಿ ಸಿಕ್ಕ ಉತ್ತರ

ಸೇಲಂ, ಧರ್ಮಪುರಿ ಕಡೆಯ ಅನೇಕ ಹಳ್ಳಿಗಳಲ್ಲಿ ದ್ರೌಪದಿ ಅಮ್ಮನ ಗುಡಿಗಳಿವೆ. ಜಾತ್ರೆ ಬಂತೆಂದರೆ ಹಗಲು ಭಾರತ ವಾಚನ, ರಾತ್ರಿ ಬೆಳಗಿನವರೆಗೂ ತೆರುಕೂತ್ತು. ಬಯಲಾಟ ನೋಡಿ ಬೆಳೆದ ಕನ್ನಡಿಗರಿಗೆ ಇದೇನೂ ಪರಕೀಯವಲ್ಲ. ಅದೇ ಕಿರೀಟ, ಅದೇ ಭುಜಕೀರ್ತಿ, ಮಾತು ಮಾತ್ರ ತಮಿಳು. ಕೊನೆಯ ದಿನ ನೆಲದ ಮೇಲೆ ಮಣ್ಣಿನಿಂದ ದುರ್ಯೋಧನನ ದೊಡ್ಡ ಆಕೃತಿ ಮಾಡುತ್ತಾರೆ. ಭೀಮನ ವೇಷದವನು ಬಂದು ಅದರ ತೊಡೆ ಮುರಿಯುತ್ತಾನೆ. ಆಮೇಲೆ ಕೆಂಡ ಹಾಯುವುದು.

ವಸ್ತ್ರಾಪಹರಣದ ಆಟದಲ್ಲಿ ಒಂದು ವಿಶೇಷವಿದೆ. ಕೆಲವು ಮೇಳಗಳಲ್ಲಿ ದುಶ್ಶಾಸನನ ವೇಷದವನು ಸೀರೆಗೆ ಕೈ ಹಾಕುವ ಮೊದಲು ಕರ್ಪೂರ ಹಚ್ಚಿ, ಅಮ್ಮನ ಕ್ಷಮೆ ಬೇಡುತ್ತಾನೆ. ನಾಟಕವೇ ಆದರೂ ಮುಟ್ಟಲು ಭಯ!

ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ಮೊದಲು ಮೋಸ, ಅಂದರೆ ಶಕುನಿಯ ದಾಳ. ಆಮೇಲೆ ಅಧಿಕಾರದ ಮದ. ತನ್ನನ್ನೇ ಸೋತವನಿಗೆ ನನ್ನನ್ನು ಪಣ ಇಡುವ ಹಕ್ಕು ಎಲ್ಲಿತ್ತು ಎಂದು ದ್ರೌಪದಿ ಕೇಳಿದಳು. ಧರ್ಮ ಸೂಕ್ಷ್ಮ ಎಂದು ಭೀಷ್ಮ ಜಾರಿಕೊಂಡ. ದ್ರೋಣ ಬಾಯಿ ಬಿಡಲಿಲ್ಲ. ವಿದುರನನ್ನು ಬಿಟ್ಟರೆ ನ್ಯಾಯದ ಮಾತಾಡಿದವನು ಕೌರವರಲ್ಲೇ ಒಬ್ಬನಾದ ವಿಕರ್ಣ.

ಎರಡೂ ಭಾಷೆಯ ಕವಿಗಳನ್ನು ಈ ಸಭೆ ಬಿಟ್ಟಿಲ್ಲ. ರನ್ನನ ಗದಾಯುದ್ಧದಲ್ಲಿ ದ್ರೌಪದಿಯ ಬಿಚ್ಚಿದ ಮುಡಿ ಭೀಮನನ್ನು ಕೆರಳಿಸುತ್ತದೆ. ಅದೇ ಕಾವ್ಯವನ್ನು ಬಿ.ಎಂ.ಶ್ರೀಯವರು 1926ರಲ್ಲಿ ಗ್ರೀಕ್ ದುರಂತ ನಾಟಕಗಳ ರೀತಿಯಲ್ಲಿ ‘ಗದಾಯುದ್ಧ ನಾಟಕಂ’ ಮಾಡಿದರು. ತಮಿಳಿನ ಸುಬ್ರಹ್ಮಣ್ಯ ಭಾರತಿಯವರು ‘ಪಾಂಚಾಲಿ ಶಪಥಂ’ ಮೊದಲ ಭಾಗವನ್ನು 1912ರಲ್ಲಿ ಪ್ರಕಟಿಸಿದರು. ಅವರಿಗೆ ಪಾಂಚಾಲಿ ಎಂದರೆ ಸೆರೆಯಲ್ಲಿದ್ದ ಭಾರತಮಾತೆ.

ಒಮ್ಮೆ ಈ ಪಾಠ ಮಾಡುವಾಗ ಒಬ್ಬ ಹುಡುಗಿ ಎದ್ದು ಕೇಳಿದಳು. “ಸಾರ್, ದುಶ್ಶಾಸನನಿಗೆ ಭೀಮ ಶಿಕ್ಷೆ ಕೊಟ್ಟ. ನೋಡುತ್ತಾ ಕೂತವರಿಗೆ ಯಾರು ಕೊಟ್ಟರು?” ಭೀಷ್ಮ ಬಾಣದ ಮಂಚದ ಮೇಲೆ ಮಲಗಲಿಲ್ಲವೇ ಎಂದೆವು. “ಅದು ಯುದ್ಧದಲ್ಲಿ ಅಲ್ಲವಾ ಸಾರ್?” ಎಂದಳು. ನಮ್ಮ ಬಳಿ ಉತ್ತರವಿರಲಿಲ್ಲ.

ಉತ್ತರ ಹುಡುಕಿದರೆ ಹಸ್ತಿನಾಪುರದವರೆಗೆ ಹೋಗಬೇಕಿಲ್ಲ. ಧರ್ಮಪುರಿ ಜಿಲ್ಲೆಯ ಹರೂರು ತಾಲ್ಲೂಕಿನಲ್ಲಿ, ಸಿತ್ತೇರಿ ಬೆಟ್ಟದ ಬುಡದಲ್ಲಿ ವಾಚಾತ್ತಿ ಎಂಬ ಊರಿದೆ. ಅಲ್ಲಿರುವವರು ಹೆಚ್ಚಾಗಿ ಮಲೆಯಾಳಿ ಬುಡಕಟ್ಟಿನವರು. ಕೇರಳದವರಲ್ಲ, ಮಲೆಯಲ್ಲಿ ಬಾಳುವವರು ಎಂದು ಅರ್ಥ. 1992ರ ಜೂನ್ 20ರಂದು ಗಂಧದ ಮರ ಹುಡುಕುವ ನೆಪದಲ್ಲಿ ಅರಣ್ಯ, ಪೊಲೀಸ್, ಕಂದಾಯ ಇಲಾಖೆಯವರು ಈ ಊರಿಗೆ ನುಗ್ಗಿದರು. ಮನೆಗಳನ್ನು ಒಡೆದರು, ಜನರನ್ನು ಹೊಡೆದರು. 18 ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ನಡೆಯಿತು. ನೊಂದವರ ಮೇಲೆಯೇ ಗಂಧ ಕದ್ದ ಕೇಸು ಹಾಕಿ ಸೇಲಂ ಜೈಲಿಗೆ ತಳ್ಳಿದರು. ಇದೇ ಶಕುನಿಯ ದಾಳ!

ಇಲ್ಲಿ ಸೀರೆ ಕೊಡಲು ಕೃಷ್ಣ ಬರಲಿಲ್ಲ. ಬುಡಕಟ್ಟು ಜನರ ಸಂಘದವರೂ ಎಡಪಕ್ಷದವರೂ ಬೆನ್ನಿಗೆ ನಿಂತರು. 1995ರಲ್ಲಿ ಮದ್ರಾಸ್ ಹೈಕೋರ್ಟು ತನಿಖೆಯನ್ನು ಸಿಬಿಐಗೆ ಒಪ್ಪಿಸಿತು. ಆ ಹೆಣ್ಣುಮಕ್ಕಳು ಕೋರ್ಟಿನಲ್ಲಿ ನಿಂತು, ಇವನೇ ಎಂದು ಸಾಕ್ಷಿ ಹೇಳಿದರು. 2011ರ ಸೆಪ್ಟೆಂಬರ್ 29ರಂದು ಧರ್ಮಪುರಿಯ ಸೆಷನ್ಸ್ ಕೋರ್ಟು ತೀರ್ಪು ಕೊಟ್ಟಿತು. 269 ಆರೋಪಿಗಳಲ್ಲಿ 54 ಮಂದಿ ಅಷ್ಟರಲ್ಲಿ ಸತ್ತಿದ್ದರು. ಉಳಿದ 215 ಮಂದಿಯೂ ಅಪರಾಧಿಗಳು ಎಂದಾಯಿತು. ಅವರಲ್ಲಿ 17 ಮಂದಿಗೆ ಅತ್ಯಾಚಾರಕ್ಕಾಗಿ ಶಿಕ್ಷೆ.

ಅವರು ಹೈಕೋರ್ಟಿಗೆ ಹೋದರು. ಸರಿಯಾಗಿ 12 ವರ್ಷದ ಮೇಲೆ, 2023ರ ಸೆಪ್ಟೆಂಬರ್ 29ರಂದು, ಹೈಕೋರ್ಟು ಎಲ್ಲ ಮೇಲ್ಮನವಿಗಳನ್ನೂ ತಳ್ಳಿಹಾಕಿತು. ನೊಂದ ಒಬ್ಬೊಬ್ಬರಿಗೂ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕು, ಅರ್ಧವನ್ನು ಅತ್ಯಾಚಾರದ ಅಪರಾಧಿಗಳಿಂದಲೇ ವಸೂಲಿ ಮಾಡಬೇಕು ಎಂದಿತು. ನಿಜವಾದ ಗಂಧಚೋರರನ್ನೂ ದೊಡ್ಡವರನ್ನೂ ಉಳಿಸಲು ಅಧಿಕಾರಿಗಳು ಆಡಿದ ದೊಡ್ಡ ನಾಟಕ ಇದು ಎಂದು ನ್ಯಾಯಾಧೀಶರೇ ಹೇಳಿದರು. ನಾಟಕ ಎಂಬ ಮಾತನ್ನೇ ಬಳಸಿದರು!

ಇನ್ನೊಂದು ಮಾತೂ ಆ ತೀರ್ಪಿನಲ್ಲಿದೆ. ಆಗಿನ ಜಿಲ್ಲಾಧಿಕಾರಿ, ಜಿಲ್ಲಾ ಪೊಲೀಸ್ ಅಧಿಕಾರಿ, ಜಿಲ್ಲಾ ಅರಣ್ಯಾಧಿಕಾರಿ, ಈ ಮೂವರ ಮೇಲೂ ಸರ್ಕಾರ ಕ್ರಮ ಕೈಗೊಳ್ಳಬೇಕು ಎಂದಿತು. ಆ ದಿನ ಕೈ ಹಾಕಿದವರ ಸಾಲಿನಲ್ಲಿ ಇವರಿರಲಿಲ್ಲ. ಆದರೆ ಸಭೆಯ ಹಿರಿಯರು ಇವರೇ. ಸುಮ್ಮನೆ ಕೂತದ್ದೂ ಅಪರಾಧವೇ ಎಂದು ಭಾರತದ ಸಭೆ ಒಪ್ಪಿಕೊಳ್ಳಲಿಲ್ಲ, ನಮ್ಮ ಕೋರ್ಟು ಒಪ್ಪಿಕೊಂಡಿತು. ಅದಕ್ಕೆ 31 ವರ್ಷ ಹಿಡಿಯಿತು ಎಂಬುದನ್ನು ಮಾತ್ರ ಮರೆಯಬಾರದು. ಪಾಂಡವರ ವನವಾಸ, ಅಜ್ಞಾತವಾಸ ಎರಡೂ ಸೇರಿ 13 ವರ್ಷ.

ಈಗ ಪಾಠ ಮಾಡುವಾಗ ವಿಕರ್ಣನ ಹತ್ತಿರ ನಾವು ಸ್ವಲ್ಪ ನಿಲ್ಲುತ್ತೇವೆ. ಆ ಹುಡುಗಿ ಶಾಲೆ ಬಿಟ್ಟು ಹೋಗಿ ಬಹಳ ಕಾಲವಾಯಿತು. ಎಲ್ಲಾದರೂ ಸಿಕ್ಕರೆ ಈ ಉತ್ತರ ಹೇಳಬೇಕು.