ಮುಹೂರ್ತ

ಸಂಸ್ಕೃತದ ‘ಮುಹುಃ’ ಎಂಬ ಅವ್ಯಯಕ್ಕೆ ನಂಟಿರುವ ‘ಮುಹೂರ್ತ’ ಮೊದಲು ‘ಕ್ಷಣ, ಚಿಕ್ಕ ಅವಧಿ’ ಎಂಬುದನ್ನಷ್ಟೇ ಹೇಳುತ್ತಿತ್ತು. ಮುಂದೆ ಅದು ನಿಶ್ಚಿತ ಅಳತೆಯಾಯಿತು: ಎರಡು ಘಳಿಗೆ, ಅಂದರೆ 48 ನಿಮಿಷ, ಅಹೋರಾತ್ರಿಗೆ 30. ಹಗಲಿನ 15 ಮುಹೂರ್ತಗಳಲ್ಲಿ ನಡುವಿನದು, ಎಂಟನೆಯದು, ‘ಅಭಿಜಿತ್’. ಲಗ್ನಪತ್ರಿಕೆಗಳ ‘ಅಭಿಜಿನ್ ಲಗ್ನ’ ಮಧ್ಯಾಹ್ನದ ಆಸುಪಾಸಿಗೇ ಬೀಳುವುದು ಇದರಿಂದ. ತಿಥಿ, ವಾರ, ನಕ್ಷತ್ರ, ಯೋಗ, ಕರಣ ಎಂಬ ಐದು ಅಂಗಗಳನ್ನು ನೋಡಿ ಆರಿಸಿದ ಹೊತ್ತಿಗೂ ಇದೇ ಹೆಸರು ನಿಂತಿತು. ಇಂದು ಬಳಕೆಯಲ್ಲಿ ಉಳಿದಿರುವುದು ಮುಖ್ಯವಾಗಿ ಈ ಅರ್ಥ.

ಹಂಪಿಯಲ್ಲಿ ವಿಜಯನಗರದ ಹುಟ್ಟನ್ನೇ ಒಂದು ಮುಹೂರ್ತದ ಕಥೆಯಾಗಿ ಹೇಳುವುದುಂಟು. ಶುಭಗಳಿಗೆ ಬಂದಾಗ ಶಂಖ ಊದುವುದಾಗಿ ಗುರು ವಿದ್ಯಾರಣ್ಯರು ಹೇಳಿದ್ದರಂತೆ. ಅದಕ್ಕೂ ಮೊದಲೇ ಯಾರೋ ದಾಸಯ್ಯನ ಶಂಖ ಮೊಳಗಿ, ಅಡಿಗಲ್ಲು ಬಿದ್ದು, ರಾಜ್ಯದ ಆಯುಷ್ಯ ಕುಗ್ಗಿತಂತೆ. ಪತನದ ನಂತರ ಹೊಂದಿಸಿದ ವಿವರಣೆಯಂತೆ ಇದು ಕಾಣುತ್ತದೆ. ಸ್ಥಾಪನೆಯ ಸಾಂಪ್ರದಾಯಿಕ ತೇದಿ ಶಕ 1258, ಧಾತು ಸಂವತ್ಸರದ ವೈಶಾಖ ಶುದ್ಧ ಸಪ್ತಮಿ (1336).

ವಿರೂಪಾಕ್ಷ–ಪಂಪಾದೇವಿಯರ ನಿಶ್ಚಿತಾರ್ಥವಾದ ಫಲಪೂಜೆ, ಚೈತ್ರದ ಕಲ್ಯಾಣೋತ್ಸವ, ಬ್ರಹ್ಮರಥೋತ್ಸವಗಳು ಹಂಪಿಯಲ್ಲಿ ಇಂದಿಗೂ ಪಂಚಾಂಗದಂತೆಯೇ. ಆಡುಮಾತಿನಲ್ಲಿ ಪದ ‘ಮೂರ್ತ’ ಎಂದು ಸವೆದಿದೆ. ಸಿನಿಮಾದವರಿಗಂತೂ ಚಿತ್ರೀಕರಣದ ಆರಂಭ ಸಮಾರಂಭವೇ ‘ಮುಹೂರ್ತ’.